ಅವರು ಆರಿಸಿದ ಹಳೆಯ ಡ್ರೈವರ್

ನನ್ನ ಗಂಡನ ಮೀಸೆ ಹೋದ ದಿನ ನಾನು ಕ್ಷೌರದ ಅಂಗಡಿಯವನ ಜೊತೆ ಬೀದಿಯಲ್ಲೇ ಜಗಳಕ್ಕೆ ನಿಂತೆ. ನಿಜ ಹೇಳಬೇಕೆಂದರೆ ಅವನದೇನೂ ತಪ್ಪಿರಲಿಲ್ಲ. "ಮೀಸಿ ತೆಗುದಾ?" ಎಂದು ಕೇಳಿದ್ದಾನೆ, ಇವರು "ಹೌದ್" ಎಂದಿದ್ದಾರೆ, ಅವನು ತೆಗೆದಿದ್ದಾನೆ. ನಾನು ಮದುವೆಯಾಗಿ ಬಂದಾಗಲೂ ಇದ್ದ ಮೀಸೆ ಅದು. ಮನೆಗೆ ಬಂದು ಕನ್ನಡಿಯ ಮುಂದೆ ನಿಂತ ಇವರು ಎಡಗೈಯಿಂದ ಮೇಲ್ದುಟಿ ಮುಚ್ಚಿಕೊಂಡು ಹಾಗೇ ಮಂಚದ ಮೇಲೆ ಕುಳಿತರು. ಕಣ್ಣಲ್ಲಿ ನೀರಿತ್ತು. ನಾನು ಚಪ್ಪಲಿ ಕೂಡ ಮೆಟ್ಟದೆ ಆ ಅಂಗಡಿಗೆ ನಡೆದೆ.

ಆ ಮಳೆಗಾಲದಲ್ಲಿ ಪಾರ್ಶ್ವವಾಯು ಬಡಿದು ಅವರ ಬಲಗೈ, ಬಲಗಾಲು ಎರಡೂ ಸೋತಿದ್ದವು. ಕಾಲು ಹೇಗೋ ಎಳೆದುಕೊಂಡು ನಡೆಯುವಷ್ಟು ಸುಧಾರಿಸಿತು. ಮಾತು ಮಾತ್ರ ಹೋದದ್ದು ಹೋಯಿತು. ಉಳಿದದ್ದು "ಹೌದ್" ಎಂಬ ಒಂದೇ ಶಬ್ದ. ಗಂಜಿ ಬೇಕಾ ಎಂದರೆ ಹೌದ್, ಸಾಕಾ ಎಂದರೂ ಹೌದ್. ತಲೆ ಕೂಡ ಹೌದೆಂದೇ ಅಲುಗುತ್ತಿತ್ತು. ಮೊದಮೊದಲು ಬಂದವರೆಲ್ಲ "ಎಷ್ಟ್ ಸಾದು ಆಯ್ರ್ ಕಾಣಿ" ಎಂದು ಮೆಚ್ಚಿಕೊಂಡು ಹೋದರು. ನನಗೆ ಅವರ ಸಾಧುತನ ಬೇಕಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ತಟ್ಟೆ ತಳ್ಳುತ್ತಿದ್ದ ಮನುಷ್ಯ ನನಗೆ ವಾಪಸು ಬೇಕಿತ್ತು.

ಕುಂದಾಪುರದ ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು ಸಮಾಧಾನವಾಗಿ ಹೇಳಿದರು. ಮಾತು ಒಳಗೆ ಸತ್ತಿಲ್ಲ, ಹೊರಗೆ ಬರುವ ದಾರಿ ತಪ್ಪಿದೆ. ಬೇಡ ಎಂದು ಹೇಳಲು ಹೊರಟರೂ ಬಾಯಿಗೆ ಹೌದೇ ಬರುತ್ತದೆ. ಅದು ಅವರಿಗೂ ಗೊತ್ತಾಗುತ್ತದೆ, ಅದಕ್ಕೇ ಅಳುವುದು. ಕೊನೆಗೆ ಡಾಕ್ಟರಮ್ಮ ಕೇಳಿದರು, "ಇವ್ರ್ ಮುಂಚೆ ಎಂತ ಕೆಲ್ಸ ಮಾಡ್ಕಂಡಿದ್ರ್? ಅಭ್ಯಾಸದ್ ಸಾಮಾನ್ ಏನಾರೂ ಕೈಯಂಗ್ ಕೊಡಿ. ಕೈಗ್ ನೆನಪ್ ಬಂದ್ರೆ ಉಳ್ದದ್ದೂ ನಿಧಾನಕ್ ಬಪ್ಪುಕೂ ಸಾಕ್."

ನಾನು ಕುಂದಾಪುರದ ಮಾರ್ಕೆಟ್ಟಿನಲ್ಲಿ ಮೀನು ಮಾರುವವಳು. ಮನೆ ಕೋಡಿಯಲ್ಲಿ, ಕಡಲಿನ ಬದಿಗೆ. ನನ್ನ ಅಪ್ಪನ ಮನೆಯವರೂ ಗಂಡನ ಮನೆಯವರೂ ದೋಣಿಯವರೇ. ಇವರೊಬ್ಬರು ಮಾತ್ರ ಚಿಕ್ಕ ಪ್ರಾಯದಲ್ಲಿ ಮುಂಬಯಿಗೆ ಹೋಗಿ, ಹೋಟೆಲಿನಲ್ಲಿ ಲೋಟ ತೊಳೆದು, ಅಲ್ಲಿಂದ ಒಂದು ಗಾಲ್ಫ್ ಕ್ಲಬ್ಬಿಗೆ ಸೇರಿಕೊಂಡರು. ಮೊದಲು ಆಡುವವರ ಹಿಂದೆ ಕೋಲುಗಳ ಚೀಲ ಹೊರುವ ಕೆಲಸ, ಆಮೇಲೆ ಹೊಸಬರಿಗೆ ಕಲಿಸುವ ಕೆಲಸ. ಆ ಚೀಲದಲ್ಲಿ ಎಲ್ಲಕ್ಕಿಂತ ಉದ್ದದ ಕೋಲು ಒಂದಿರುತ್ತದೆ, ತುದಿಯಲ್ಲಿ ಮುಷ್ಟಿಗಿಂತ ದೊಡ್ಡ ತಲೆ. ಆಟದ ಮೊದಲ ಹೊಡೆತ, ದೂರದ ಹೊಡೆತ ಅದರಲ್ಲೇ. ಅದಕ್ಕೆ ಡ್ರೈವರ್ ಎನ್ನುತ್ತಾರೆ. ಹೊಸದು ಕೊಳ್ಳಲು ನಮ್ಮಂಥವರ ಕೈಲಾಗದು. ಕ್ಲಬ್ಬಿನವರೂ ಎಷ್ಟೋ ಜನ ಹಳೆಯದನ್ನೇ ಹುಡುಕುತ್ತಿದ್ದರಂತೆ. ಆರಿಸಿಕೊಡಲು ಇವರನ್ನೇ ಕರೆಯುತ್ತಿದ್ದರು.

ವರ್ಷಕ್ಕೊಮ್ಮೆ ಊರಿಗೆ ಬರುವ ಗಂಡ. ನಮ್ಮ ಸಂಸಾರ ಬಹುಪಾಲು ಫೋನಿನಲ್ಲೇ ನಡೆದದ್ದು. ನಾನು ಯಾವ ಮೀನಿಗೆ ಎಷ್ಟು ಬಂತು ಎಂದು ಹೇಳುವುದು, ಅವರು ಯಾರಿಗೆ ಯಾವ ಡ್ರೈವರ್ ಆರಿಸಿಕೊಟ್ಟೆ ಎಂದು ಹೇಳುವುದು. "ಎಂತ ಕಂಡ್ ಆರ್ಸ್ತ್ರಿ?" ಎಂದು ನಾನು ಒಮ್ಮೆ ಕೇಳಿದ್ದೆ. "ಮೊದ್ಲ್ ಬ್ಯಾಡದ್ದನ್ನ್ ಬದಿಗ್ ಇಡುದ್. ಕಡಿಗ್ ಉಳ್ದದ್ದನ್ನ್ ಆಳಿಗ್ ಹಿಡ್ದ್ ಕಾಂಬುದ್" ಎಂದಿದ್ದರು. ಕೊಳ್ಳುವವನನ್ನು ನೆಟ್ಟಗೆ ನಿಲ್ಲಿಸಿ, ಕೈ ಇಳಿಬಿಡಿಸಿ, ಮಣಿಕಟ್ಟಿನಿಂದ ನೆಲಕ್ಕೆ ಎಷ್ಟಿದೆ ನೋಡುತ್ತಾರಂತೆ. ನಾನು ಮೀನು ಹೆಚ್ಚುತ್ತ ಅರ್ಧ ಕೇಳುತ್ತಿದ್ದೆ, ಅರ್ಧ ಬಿಡುತ್ತಿದ್ದೆ.

ಎಲ್ಲರಿಗೂ ಆರಿಸಿಕೊಟ್ಟ ಆ ಮನುಷ್ಯನಿಗೆ ಸ್ವಂತದ್ದೊಂದು ಡ್ರೈವರ್ ಇರಲಿಲ್ಲ. ಸೋಮವಾರ ಕ್ಲಬ್ಬಿಗೆ ರಜೆ, ಅಂದು ಕೆಲಸದವರಿಗೆ ಆಡಲು ಬಿಡುತ್ತಿದ್ದರು. ಆಗಲೂ ಯಾರದ್ದೋ ಕೋಲು ಎರವಲು. ಕೆಲಸ ಬಿಟ್ಟು ಊರಿಗೆ ಬರುವಾಗ ಟ್ರಂಕಿನಲ್ಲಿ ತಂದದ್ದು ಒಂದಿಷ್ಟು ಹಳೆಯ ಚೆಂಡುಗಳನ್ನು ಮಾತ್ರ. ಹಾಗಾಗಿ ಡಾಕ್ಟರಮ್ಮನ ಮಾತು ಕೇಳಿದ್ದೇ ನಾನು ನಿಶ್ಚಯ ಮಾಡಿದೆ. ಹಿತ್ತಿಲ ಗೋಡೆ ರಿಪೇರಿಗೆ ಎಂದು ಎತ್ತಿಟ್ಟ ದುಡ್ಡು ಇತ್ತು. ಗೋಡೆ ಇನ್ನೊಂದು ಮಳೆ ಕಾಯಲಿ ಎಂದುಕೊಂಡೆ.

ಬ್ರಹ್ಮಾವರದಲ್ಲಿ ಹೆದ್ದಾರಿಯ ಬದಿಗೆ ಹಳೆಯ ಸಾಮಾನಿನ ಅಂಗಡಿಯೊಂದಿದೆ. ಗಲ್ಫಿನಿಂದ ಬಂದವರು, ಮನೆ ಖಾಲಿ ಮಾಡುವವರು ತಂದು ಹಾಕಿದ ವ್ಯಾಯಾಮದ ಸೈಕಲ್ಲು, ಸೂಟ್‌ಕೇಸು, ಮಗುವಿನ ತಳ್ಳುಗಾಡಿ ಎಲ್ಲ ಅಲ್ಲಿ ಸಿಗುತ್ತದೆ. ಒಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಗಾಲ್ಫ್ ಕೋಲುಗಳನ್ನು ಕೊಡೆಗಳ ಹಾಗೆ ತುರುಕಿಟ್ಟಿದ್ದರು. ಅಂಗಡಿಯವನಿಗೆ ಅವುಗಳ ತಲೆಬುಡ ತಿಳಿಯದು. "ಎಲ್ಲಾ ಫಾರಿನ್ ಅಕ್ಕ, ಯಾವ್ದ್ ತಕಂಡ್ರೂ ಲಾಸ್ ಇಲ್ಲೆ" ಎಂದ.

ನಾನು ಅವಸರ ಮಾಡಲಿಲ್ಲ. ಮೀನಿನ ಕಿವಿರು ಎತ್ತಿ ನೋಡದೆ ಬುಟ್ಟಿಗೆ ಹಾಕಿಕೊಳ್ಳುವವಳಲ್ಲ ನಾನು. ಕೋಲಿನ ತಲೆಯ ಮೇಲೆ ಬಿರುಕಿದೆಯೇ ಎಂದು ಉಗುರಿನಿಂದ ಗೀರಿ ನೋಡಿದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಹಿಡಿ ಹೊಸದಾಗಿದ್ದ, ಮಿರಮಿರ ಹೊಳೆಯುವ ಒಂದು ನನ್ನ ಕಣ್ಣಿಗೆ ಬಿತ್ತು. ಆಮೇಲೆ ದೋಣಿಯವರು ಮಾಡುವ ಪರೀಕ್ಷೆ ಮಾಡಿದೆ. ದೋಣಿ ನೂಕುವ ಬಿದಿರಿನ ಗಳ ಆರಿಸುವಾಗ ನನ್ನ ಅಪ್ಪ ಅದರ ತುದಿಯನ್ನು ನೆಲಕ್ಕೆ ಊರಿ ಮೈಭಾರ ಹಾಕುತ್ತಿದ್ದರು. ಬಾಗಿದರೆ ಬಿಡು, ಬಾಗದಿದ್ದರೆ ಹಿಡಿ. ಹಗುರವಾದರೆ ಒಳಗೆ ಹುಳ ಹೊಡೆದಿದೆ ಎಂದೇ ಲೆಕ್ಕ. ನಾನೂ ಹಾಗೇ ಒಂದೊಂದನ್ನೇ ಊರಿ ಒತ್ತಿದೆ. ಹೊಳೆಯುವ ಕೋಲು ಒಂಚೂರೂ ಬಾಗಲಿಲ್ಲ, ಕೈಗೆ ಭಾರವೂ ಇತ್ತು. ನನಗೆ ಒಳಗೇ ಜಂಬ ಬಂತು. ಚೌಕಾಸಿಯಲ್ಲಿ ಅಂಗಡಿಯವನ ಬೆವರಿಳಿಸಿ ತೆಗೆದುಕೊಂಡೆ. ಬಸ್ಸಿನಲ್ಲಿ ಕಂಡಕ್ಟರ್ "ಇದೆಂತ ಅಕ್ಕ, ಹಾವ್ ಹೊಡುದಾ?" ಎಂದ. ಸಾಲಿಗ್ರಾಮ, ಕೋಟ, ಕುಂಭಾಶಿ ದಾಟುವವರೆಗೂ ಅದನ್ನು ಮಡಿಲಲ್ಲೇ ಹಿಡಿದುಕೊಂಡಿದ್ದೆ.

ಮನೆಗೆ ಬಂದು ಅವರ ಎಡಗೈಗೆ ಕೊಟ್ಟೆ. ಅವರ ಮುಖ ಬೆಳಗಿದ್ದು ಸುಳ್ಳಲ್ಲ. ಕೋಲಿನ ತಲೆಯನ್ನು ಲುಂಗಿಯಿಂದ ಒರೆಸಿದರು. ಕೋಲಿನ ಉದ್ದಕ್ಕೂ ಹೆಬ್ಬೆರಳು ಜಾರಿಸಿಕೊಂಡು ಬಂದು, ಅಲ್ಲಿ ಬರೆದಿದ್ದ ಇಂಗ್ಲಿಷಿನ ಎಸ್ ಅಕ್ಷರದ ಹತ್ತಿರ ನಿಲ್ಲಿಸಿದರು. ಆಮೇಲೆ ನನ್ನನ್ನು ನೋಡಿದರು, ಸ್ವಲ್ಪ ಹೊತ್ತು ನೋಡುತ್ತಲೇ ಇದ್ದರು.

"ಸರಿ ಇತ್ತಾ?" ಎಂದೆ.

"ಹೌದ್."

ನನಗೆ ಅಷ್ಟೇ ಸಾಕಾಯಿತು. ಆ ಬಾಯಿಗೆ ಬೇರೆ ಮಾತೇ ಇಲ್ಲ ಎಂಬುದನ್ನು ನಾನು, ಕ್ಷೌರದವನ ಜೊತೆ ಜಗಳಾಡಿದವಳು, ಆ ಗಳಿಗೆಯಲ್ಲಿ ಮರೆತೇಬಿಟ್ಟೆ.

ಅವರು ದಿನಾ ಅಂಗಳದಲ್ಲಿ ನಿಂತು ಅದನ್ನು ಎತ್ತಲು ನೋಡುವರು. ಎಡಗೈಯಲ್ಲಿ ಎತ್ತಿ, ಸೋತ ಬಲಗೈಯನ್ನು ಅದರ ಮೇಲೆ ತಂದು ಕೂರಿಸಿ, ಸೊಂಟದವರೆಗೆ ಎತ್ತುವಷ್ಟರಲ್ಲಿ ಕೋಲು ಅವರನ್ನೇ ಎಳೆದುಕೊಂಡು ಹೋಗುತ್ತಿತ್ತು. ಬೀಸಲು ಹೋದರೆ ಭುಜ ಹಿಡಿದುಕೊಳ್ಳುವುದು. ನಾನು ಮಾರ್ಕೆಟ್ಟಿಗೆ ಹೊರಡುವ ಮುಂಚೆ "ಇವತ್ತ್ ಅಡ್ಡಿ ಇಲ್ಯಾ?" ಎಂದು ಕೇಳುವುದು, ಅವರು ಹೌದ್ ಎನ್ನುವುದು, ಹೀಗೇ ನಡೆಯಿತು. ಒಂದು ದಿನ ಬಂದು ನೋಡಿದರೆ ಕೋಲು ಬಾಗಿಲ ಮೂಲೆಯಲ್ಲಿತ್ತು. ಇವರು ಗೋಡೆಗೆ ಮುಖ ಮಾಡಿ ಮಲಗಿದ್ದರು. ಮರುದಿನವೂ ಏಳಲಿಲ್ಲ. ಗಂಜಿ ಕೊಟ್ಟರೆ ಉಣ್ಣುವರು, ಮತ್ತೆ ಗೋಡೆ. ಡಾಕ್ಟರಮ್ಮ ಭುಜ ಮುಟ್ಟಿ ನೋಡಿ, ಊದಿದೆ ಎಂದು ನನ್ನ ಮೇಲೆ ರೇಗಿದರು.

ನಾನು ಆ ಸಿಟ್ಟನ್ನು ಮನೆಗೆ ತಂದೆ. "ಬಾಯ್ ಹೋದ್ರೆ ಹೋಯ್ಲಿ, ಕೋಲ್ ತೆಗ್ದ್ ಬಿಸಾಡುಕೂ ಬತ್ತಿಲ್ಯಾ ನಿಮ್ಗೆ? ನಾನ್ ತಂದದ್ದ್ ಅಂದೇಳಿ ನೋವ್ ತಿಂದ್ಕಂಡ್ ಕೂಕಂತ್ರಾ?" ಎಂದು ಕೂಗಿದೆ. ಗೋಡೆಯ ಕಡೆಯಿಂದ "ಹೌದ್" ಎಂದು ಬಂತು. ಅದು ಬಾಯಿಗೆ ಬಂದ ಹೌದೋ, ಹೃದಯದಿಂದ ಬಂದ ಹೌದೋ ನನಗೆ ತಿಳಿಯಲಿಲ್ಲ. ಅಡುಗೆಮನೆಗೆ ಹೋಗಿ ಚೆನ್ನಾಗಿ ಅತ್ತೆ.

ಮುಂಬಯಿಯಲ್ಲಿ ಅವರ ಜೊತೆ ಕೆಲಸಕ್ಕಿದ್ದ ಗೆಳೆಯರೊಬ್ಬರು ಇನ್ನೂ ಆ ಕ್ಲಬ್ಬಿನಲ್ಲೇ ಇದ್ದಾರೆ. ಸಿದ್ದಾಪುರದ ಕಡೆಯವರು. ಅವರಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಅವರು ನಗಲಿಲ್ಲ.

"ಅಕ್ಕ, ಎಸ್ ಅಂದ್ರೆ ಗಟ್ಟಿ ಕೋಲ್. ಪ್ರಾಯದ್ ಗಂಡ್ಸರ್ ಜೋರ್ ಬೀಸುಕ್ ಇಪ್ಪುದ್. ಇದ್ ದೋಣಿ ಗಳ ಅಲ್ಲ. ಸೋತ್ ಕೈಗ್ ಬಗ್ಗುದೇ ಬೇಕ್, ಬಗ್ಗಿರೆ ಚೆಂಡಿಗ್ ಅದೇ ದೂಡ್ ಕೊಡತ್ತ್. ಹಗುರ ಆಯ್ಕ್, ಚೆಂಡಿಗ್ ತಾಗು ಮುಖ ಒಂಚೂರ್ ಮೇಲ್ ಕಾಂಬುದ್ ಆಯ್ಕ್. ಹಿಡಿ ಹೊಸ್ತ್ ಕಂಡ್ ಮರುಳ್ ಆಬೇಡಿ, ಹಿಡಿ ಯಾವಾಗ್ ಬೇಕಾರೂ ಬದಲ್ಸ್‌ಲಕ್. ನಾಕೈದ್ ವರ್ಷ ಹಿಂದಿನ್ ಮಾಡೆಲ್ ಆರೆ ನಿಮ್ ಕೈಗೂ ಸಿಕ್ಕತ್ತ್, ಆಟಕ್ ಎಂತ ಫರ್ಕ್ ಇಲ್ಲೆ."

ಬೈಂದೂರಿನ ಹತ್ತಿರ ಗುಡ್ಡದ ಮೇಲೆ ಒಂದು ರೆಸಾರ್ಟ್ ಮುಚ್ಚಿದೆ, ಅತಿಥಿಗಳಿಗೆ ಇಟ್ಟಿದ್ದ ಹಳೆಯ ಕೋಲುಗಳನ್ನು ಮಾರುತ್ತಿದ್ದಾರೆ ಎಂದೂ ಅವರೇ ತಿಳಿಸಿದರು. ಫೋನ್ ಇಡುವ ಮುಂಚೆ ಒಂದು ಮಾತು ಹೇಳಿದರು. "ಅವ್ರನ್ನೇ ಕರ್ಕಂಡ್ ಹೋಯಿನಿ ಅಕ್ಕ. ಅವ್ರ್ ಆರ್ಸುದ್ ನೀವ್ ಯಾವತ್ತಾರೂ ಕಂಡಿರಾ?"

ಇಲ್ಲ, ಕಂಡಿರಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಗಂಡ ಕೆಲಸ ಮಾಡುವುದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಅವರು ನನ್ನನ್ನು ಮಾರ್ಕೆಟ್ಟಿನಲ್ಲಿ ನೋಡಿದ್ದಾರೆ, ಕತ್ತಿ ಹಿಡಿದಾಗಿನ ನನ್ನ ಕೈ ಹೇಗಿರುತ್ತದೆ ಎಂದು ಅವರಿಗೆ ಗೊತ್ತು. ನನಗೆ ಅವರ ಕೈ ಗೊತ್ತಿರಲಿಲ್ಲ.

ಬ್ರಹ್ಮಾವರದ ಅಂಗಡಿಯವನಿಗೇ ಆ ಗಟ್ಟಿ ಕೋಲನ್ನು ತಿರುಗಿ ಕೊಟ್ಟೆ. ಅವನು ಕೊಟ್ಟಷ್ಟನ್ನು ತೆಗೆದುಕೊಂಡು ಬಂದೆ, ಚೌಕಾಸಿ ಮಾಡುವ ಉತ್ಸಾಹ ಉಳಿದಿರಲಿಲ್ಲ. ನಂತರದ ವಾರ ಗುರುತಿನ ಆಟೋ ಮಾಡಿಸಿ ಇವರನ್ನು ಬೈಂದೂರಿಗೆ ಹೊರಡಿಸಿದೆ. ಹೊರಡುವ ಮನಸ್ಸು ಅವರಿಗೆ ಇತ್ತೋ ಇಲ್ಲವೋ, ಕೇಳಿದರೆ ಹೌದ್ ಎನ್ನುತ್ತಾರೆ, ಆದ್ದರಿಂದ ಕೇಳಲಿಲ್ಲ. ಮರವಂತೆಯಲ್ಲಿ ಕಡಲಿನ ಗಾಳಿ ಬೀಸುವಾಗ ಮಾತ್ರ ಅವರು ಮುಖ ಹೊರಗೆ ಮಾಡಿ ಕಣ್ಣು ಮುಚ್ಚಿಕೊಂಡರು.

ರೆಸಾರ್ಟಿನ ಕಾವಲಿನವನು ಶೆಡ್ಡಿನ ಬಾಗಿಲು ತೆಗೆದ. ಗೋಡೆಗೆ ಒರಗಿಸಿ ಸಾಲಾಗಿ ಡ್ರೈವರುಗಳನ್ನು ನಿಲ್ಲಿಸಿದ್ದರು, ಧೂಳು ಹಿಡಿದಿತ್ತು. ಕಾವಲಿನವನು ಕುರ್ಚಿ ತಂದ. ಇವರು ಕೂರಲಿಲ್ಲ. ಬಾಗಿಲಲ್ಲಿ ನಿಂತು ಆ ಸಾಲನ್ನು ಒಮ್ಮೆ ನೋಡಿದರು. ಆಮೇಲೆ ಕಾಲು ಎಳೆದುಕೊಂಡು ತಾವಾಗಿಯೇ ಒಳಗೆ ಹೋದರು.

ಮೊದಲನೆಯದನ್ನು ಎಡಗೈಯಲ್ಲಿ ಎತ್ತಿ, ತಲೆಯನ್ನು ಕಿವಿಯ ಹತ್ತಿರ ತಂದು, ಉಸಿರು ಹಿಡಿದು ಮೆಲ್ಲಗೆ ಅಲ್ಲಾಡಿಸಿದರು. ಒಳಗೆ ಏನೋ ಸಣ್ಣದು ಉರುಳಿದ ಸದ್ದು ನನಗೂ ಕೇಳಿಸಿತು. ಬದಿಗಿಟ್ಟರು. ಇನ್ನೊಂದರ ತಲೆ ಕೋಲಿಗೆ ಸೇರುವ ಜಾಗವನ್ನು ಬೆಳಕಿಗೆ ಹಿಡಿದರು. ಕೂದಲೆಳೆಯಷ್ಟು ಬಿರುಕು. ಬದಿಗೆ. ಮತ್ತೊಂದನ್ನು ಕಣ್ಣಿನ ಮಟ್ಟಕ್ಕೆ ತಂದು, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿ, ಅದನ್ನೂ ಬದಿಗೆ. ಯಾವ ಗಡಿಬಿಡಿಯೂ ಇಲ್ಲ. ಮನೆಯಲ್ಲಿ ನೀರಿನ ಲೋಟ ಹಿಡಿದರೆ ನಡುಗುವ ಮನುಷ್ಯ. ನಾನು ಬಾಗಿಲಿಗೆ ಒರಗಿ ಸುಮ್ಮನೆ ನೋಡಿದೆ. ಫೋನಿನಲ್ಲಿ ಅರ್ಧ ಕೇಳಿ ಬಿಟ್ಟ ಕತೆಗಳೆಲ್ಲ ನನ್ನ ಕಣ್ಣೆದುರು ನಡೆಯುತ್ತಿದ್ದವು. ಹೆಮ್ಮೆಯೂ ಆಯಿತು, ಇಷ್ಟು ತಡವಾಗಿ ನೋಡುತ್ತಿದ್ದೇನಲ್ಲ ಎಂದು ಸಂಕಟವೂ ಆಯಿತು.

ಸಾಲಿನಲ್ಲಿ ಒಂದು ಕೋಲು ಉಳಿದವಕ್ಕಿಂತ ಹೊಸದು. ಹಿಡಿಯ ಮೇಲೆ ಒಂದು ಗೀರೂ ಇರಲಿಲ್ಲ. ನಾನಾಗಿದ್ದರೆ ಅದನ್ನೇ ಎತ್ತಿಕೊಂಡು ಬರುತ್ತಿದ್ದೆ. ಇವರು ಅದರ ಅಕ್ಷರ ನೋಡಿ ಅಲ್ಲೇ ಬದಿಗೆ ಇಡತೊಡಗಿದರು.

"ಹ್ವಾಯ್, ಅದ್ ಪಸ್ಟ್ ಕ್ಲಾಸ್ ಮಾಲ್. ಅದ್ ಬ್ಯಾಡ್ದಾ?" ಎಂದ ಕಾವಲಿನವನು.

"ಹೌದ್" ಎಂದರು ಇವರು. ಕೈ ಮಾತ್ರ ಅದನ್ನು ಗೋಡೆಗೆ ಒರಗಿಸಿ ಮುಂದಕ್ಕೆ ಹೋಯಿತು. ಕಾವಲಿನವನು ಮತ್ತೆ ಅದನ್ನೇ ಎತ್ತಿಕೊಂಡು ಎದುರಿಗೆ ಹಿಡಿದ, "ಬೇಕಾ ಹಂಗಾರೆ?" ಎಂದ. "ಹೌದ್" ಎಂದರು, ಮತ್ತೆ ತಳ್ಳಿದರು. ಪಾಪ, ಅವನಿಗೆ ತಲೆ ಕೆಟ್ಟಿತು.

"ಅವ್ರ್ ಬಾಯ್ ಕೇಂಬೇಡಿ ಮಾರಾಯ್ರೆ, ಕೈ ಕಾಣಿ" ಎಂದೆ ನಾನು.

 ಮನೆಯಲ್ಲಿ ಇಷ್ಟು ದಿನ ಬಾಯಿಯನ್ನೇ ಕೇಳುತ್ತ ಕುಳಿತವಳು ನಾನೇ ಅಲ್ಲವೇ.

ಕೊನೆಗೆ ಉಳಿದದ್ದು ಎರಡು. ಇವರು ನನ್ನ ಹತ್ತಿರ ಬಂದು ಭುಜ ಹಿಡಿದರು. ಸುಸ್ತಾಗಿ ಒರಗಿಕೊಳ್ಳಲು ಬಂದರು ಎಂದುಕೊಂಡು ನಾನು ಗಟ್ಟಿಯಾಗಿ ನಿಂತೆ. ನನ್ನ ಬಲಗೈಯನ್ನು ಎಳೆದು ನೆಟ್ಟಗೆ ಇಳಿಬಿಟ್ಟರು. ಎರಡು ಕೋಲುಗಳನ್ನೂ ಒಂದಾದ ಮೇಲೊಂದು ನನ್ನ ಪಕ್ಕಕ್ಕೆ ನಿಲ್ಲಿಸಿ ಬಗ್ಗಿ ನೋಡಿದರು. ಕೋಲು ನಿಲ್ಲಿಸಲು ಗೋಡೆ ಸಿಗಲಿಲ್ಲವೇ ಎಂದು ಮನಸ್ಸಿನಲ್ಲೇ ಗೊಣಗಿದೆ. ಗಿಡ್ಡದ್ದನ್ನು ಇಟ್ಟುಕೊಂಡರು. ಹಗುರದ್ದು, ಹಿಡಿ ಸವೆದು ಅಂಟಂಟಾದದ್ದು.

"ಅದ್ ಹೆಂಗ್ಸರ್ ಆಡುದ್. ಗಂಡ್ಸರಿಗ್ ಆತಿಲ್ಲೆ" ಎಂದ ಕಾವಲಿನವನು.

"ಕೈ ಸೋತರಿಗ್ ಹಗುರದ್ದೇ ಆಯ್ಕ್. ನಿಮ್ಗೆಂತ ಗೊತ್ತಿತ್ತ್?" ಎಂದು ಅವನ ಬಾಯಿ ಮುಚ್ಚಿಸಿದೆ. ಗೆಳೆಯರು ಫೋನಿನಲ್ಲಿ ಹೇಳಿದ್ದನ್ನೇ ಅವನ ಮೇಲೆ ಹೇರಿದ್ದು. ಅವನು ಹೇಳಿದ ಬೆಲೆ ನನ್ನ ಕೈಗೆ ಎಟುಕುವಂಥದ್ದೇ ಆಗಿತ್ತು. ಯಾರಿಗೂ ಬೇಡವಾಗಿದ್ದ ಕೋಲು. ಸವೆದ ಹಿಡಿಗೆ ಕುಂದಾಪುರದಲ್ಲಿ ಆಟದ ಸಾಮಾನಿನ ಅಂಗಡಿಯವರು ಬ್ಯಾಟಿಗೆ ಸುತ್ತುವ ಪಟ್ಟಿ ಸುತ್ತಿಕೊಟ್ಟರು.

ಮರುದಿನ ಬೆಳಿಗ್ಗೆ ಇವರು ನನಗಿಂತ ಮೊದಲು ಎದ್ದು ಬಾಗಿಲಲ್ಲಿ ನಿಂತಿದ್ದರು, ಲುಂಗಿಯ ಮಡಿಲಲ್ಲಿ ಟ್ರಂಕಿನ ಚೆಂಡುಗಳು. ಇಳಿತದ ಹೊತ್ತು. ಕೋಡಿಯ ಕಡಲ ಬದಿಯಲ್ಲಿ ಒದ್ದೆ ಮರಳು ಗಟ್ಟಿಯಾಗಿ ಹಾಸಿತ್ತು, ದೂರದವರೆಗೆ ಜನ ಇರಲಿಲ್ಲ. ಇವರು ಒಂದು ಹಿಡಿ ಮರಳನ್ನು ಗುಪ್ಪೆ ಮಾಡಿ, ಅದರ ಮೇಲೆ ಚೆಂಡು ಕೂರಿಸಿದರು. ನಾನು ಕೋಲು ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ. ಬೇರೊಬ್ಬರು ಹೊಡೆಯುವುದಕ್ಕೆ ಜಾಗ ಬಿಡುವ ಹಾಗೆ ಹಿಂದೆ ಸರಿದು ನಿಂತು, ಗದ್ದ ಎತ್ತಿ ನನಗೆ ಚೆಂಡು ತೋರಿಸಿದರು.

ಆಗ ನನಗೆ ಶೆಡ್ಡಿನಲ್ಲಿ ಅವರು ನನ್ನ ಕೈ ಎಳೆದು ಇಳಿಬಿಟ್ಟದ್ದು ನೆನಪಾಯಿತು. ಉಳಿದದ್ದನ್ನು ಆಳಿಗೆ ಹಿಡಿದು ನೋಡುವುದು ಎಂದಿದ್ದರು. ಅವರು ನೋಡಿದ್ದು ನನಗೆ ಹಿಡಿದು. ತಮ್ಮ ಕೈ ಇನ್ನು ಬೀಸಲಾರದು ಎಂದು ಆ ಗಟ್ಟಿ ಕೋಲಿನ ಜೊತೆ ಒದ್ದಾಡಿದ ದಿನಗಳಲ್ಲೇ ಅವರಿಗೆ ಗೊತ್ತಾಗಿಹೋಗಿತ್ತು. 

"ನಂಗಾ? ಈ ಪ್ರಾಯದಂಗ್ ಸೀರಿ ಉಟ್ಕಂಡ್ ನಾನ್ ಹೊಡುದಾ? ಮರ್ಲಾ ನಿಮ್ಗೆ?"

"ಹೌದ್" ಎಂದರು. ಮತ್ತೆ ಚಿಗುರುತ್ತಿದ್ದ ಮೀಸೆಯ ಕೆಳಗೆ ಅರ್ಧ ಬಾಯಿ ನಗುತ್ತಿತ್ತು. ಆ ಹೌದು ನಿಜವಾದ ಹೌದು ಎಂಬುದರಲ್ಲಿ ನನಗೆ ಸಂಶಯ ಉಳಿಯಲಿಲ್ಲ.

ಸೆರಗು ಸಿಕ್ಕಿಸಿಕೊಂಡೆ. ಮೀನು ಕತ್ತರಿಸುವ ಕತ್ತಿ ಹಿಡಿಯುವ ಹಾಗೆ ಕೋಲನ್ನು ಬಿಗಿಯಾಗಿ ಹಿಡಿದು, ಹೆಬ್ಬೆರಳನ್ನು ಹಿಡಿಯ ಸುತ್ತ ಸುತ್ತಿ ನಿಂತೆ. ಬೆನ್ನ ಹಿಂದಿನಿಂದ ಕೇಳಿಸಿತು.

"ಅಲ್ಲ."

 ಅಲೆಯ ಸದ್ದೋ ಏನೋ ಎಂದುಕೊಂಡೆ. "ಹ್ವಾಯ್, ಎಂತ ಅಂದ್ರಿ?" ಎಂದು ತಿರುಗಿದೆ. ಅವರಿಗೆ ನನ್ನ ಪ್ರಶ್ನೆಯ ಕಡೆ ಗಮನವೇ ಇರಲಿಲ್ಲ. ಹುಬ್ಬು ಗಂಟು ಹಾಕಿ ನನ್ನ ಹೆಬ್ಬೆರಳನ್ನೇ ನೋಡುತ್ತಿದ್ದರು. "ಅಲ್ಲ" ಎಂದರು ಮತ್ತೆ, ಮುಂಬಯಿಯಲ್ಲಿ ಎಷ್ಟು ಜನ ಹೊಸಬರಿಗೆ ಹೇಳಿದ್ದರೋ ಅದೇ ಬೇಸರದಲ್ಲಿ. ಹತ್ತಿರ ಬಂದು ಎಡಗೈಯಿಂದ ನನ್ನ ಬೆರಳುಗಳನ್ನು ಒಂದೊಂದಾಗಿ ಸಡಿಲಿಸಿ, ಹೆಬ್ಬೆರಳನ್ನು ಕೋಲಿನ ಮೇಲೆ ನೇರ ಮಲಗಿಸಿದರು. ನನ್ನ ಕಣ್ಣೀರು ಅವರ ಕೈಯ ಮೇಲೆ ಬಿತ್ತು. ಒರೆಸಿಕೊಳ್ಳದೆ ಮತ್ತೆ ಹಿಂದೆ ಹೋಗಿ ನಿಂತರು.

ಬೀಸಿದೆ. ಮರಳು ಹಾರಿತು, ಚೆಂಡು ಕೂತಲ್ಲೇ ಕೂತಿತ್ತು. ನನಗೆ ತಪ್ಪು ಎಂದವರನ್ನು ನಾನು ಜೀವಮಾನದಲ್ಲಿ ಸುಮ್ಮನೆ ಬಿಟ್ಟವಳಲ್ಲ, ಮಾರ್ಕೆಟ್ಟಿನಲ್ಲಿ ಯಾರನ್ನು ಬೇಕಾದರೂ ಕೇಳಿ. ಅಂದು ಮಾತ್ರ ಕೋಲನ್ನು ಮತ್ತೆ ಎತ್ತಿಕೊಂಡು, ಅವರಿಗೆ ಕಾಣುವ ಹಾಗೆ, ಬೇಕೆಂದೇ ಹೆಬ್ಬೆರಳನ್ನು ತಪ್ಪಾಗಿ ಇಟ್ಟೆ.